ಕಾಲಿಗೆ ಬೆಲೆ ಕಟ್ಟೋ ಲೆಕ್ಕ

1/9 – ಪೋಲ್ ಹಾಕಿದ್ದು ಯಾಕೆ ಅಂದ್ರೆ

ಹೋದ ವಾರ ಸ್ಟೋರಿಯಲ್ಲಿ ಒಂದು ಪೋಲ್ ಹಾಕಿದ್ದೆ, ನೆನಪಿದ್ಯಾ? "ಆಟಗಾರನಿಗೆ 32 ವರ್ಷ. ವೇಗವೇ ಅವನ ಬಂಡವಾಳ. ದೊಡ್ಡ ಸಂಬಳ ಬೇಕು. ಇನ್ನೂ ಎರಡು ವರ್ಷಕ್ಕೆ ಸಹಿ ಹಾಕಿಸ್ಕೊಳ್ತೀರಾ?" ನಿಮ್ಮಲ್ಲಿ ಹೆಚ್ಚಿನವರು 'ಬೇಡ' ಒತ್ತಿದ್ರಿ. ಮರುದಿನ ಹೆಸರು ಹಾಕಿದೆ: ಮೊಹಮ್ಮದ್ ಸಲಾಹ್. ಆಮೇಲೆ ಇನ್‌ಬಾಕ್ಸ್ ತುಂಬಾ ಬೈಗುಳ. "ಮೊದಲೇ ಹೇಳ್ಬೇಕಿತ್ತು ಮಗಾ, ಸಲಾಹ್ ಆದ್ರೆ ಕಣ್ಮುಚ್ಚಿ ಕೊಡ್ತೀನಿ!"

ನನಗೆ ಬೇಕಾಗಿದ್ದೂ ಅದೇ. ಹೆಸರು ಗೊತ್ತಿಲ್ಲದಾಗ ನೀವು ಅಕೌಂಟೆಂಟ್ ಆಗಿದ್ರಿ, ಹೆಸರು ಗೊತ್ತಾದ ತಕ್ಷಣ ಅಭಿಮಾನಿ ಆದ್ರಿ. ಕ್ಲಬ್ಬಿನ ಕಚೇರಿಯಲ್ಲಿ ಕೂತವರಿಗೆ ಎರಡೂ ಆಗಿರಬೇಕಾದ ಕಷ್ಟ ಇರುತ್ತೆ.

ನಿಜವಾಗಿ ಆಗಿದ್ದು ಇಷ್ಟು. 2025ರ ಏಪ್ರಿಲ್ 11ರಂದು ಲಿವರ್‌ಪೂಲ್ ಸಲಾಹ್ ಜೊತೆ 2027ರವರೆಗೆ ಹೊಸ ಒಪ್ಪಂದ ಮಾಡಿಕೊಂಡಿತು. ಆ ಸೀಸನ್‌ನಲ್ಲಿ ಅವನು ಪ್ರೀಮಿಯರ್ ಲೀಗ್ ಒಂದರಲ್ಲೇ 29 ಗೋಲು ಹೊಡೆದ, 18 ಗೋಲಿಗೆ ಪಾಸ್ ಕೊಟ್ಟ. ತಂಡ ಚಾಂಪಿಯನ್ ಆಯ್ತು. ಇಷ್ಟೆಲ್ಲ ಇದ್ರೂ ಸಿಕ್ಕಿದ್ದು ಎರಡೇ ವರ್ಷ, ಐದಲ್ಲ. ಆ 'ಎರಡು' ಎಲ್ಲಿಂದ ಬಂತು ಅನ್ನೋದು ಈ ಸರಣಿಯ ವಿಷಯ.

ಅಭಿಮಾನಿ ಕೇಳೋ ಪ್ರಶ್ನೆ: "ಇವನು ನಮಗೆ ಏನೇನು ಮಾಡಿದ್ದಾನೆ?" ಕ್ಲಬ್ಬು ಕೇಳೋ ಪ್ರಶ್ನೆ: "ಇವನು ಇನ್ನು ಮುಂದೆ ಏನು ಮಾಡಬಲ್ಲ?" ಕಾಂಟ್ರಾಕ್ಟ್ ಅನ್ನೋದು ಹಿಂದಿನ ಕೆಲಸಕ್ಕೆ ಕೊಡೋ ಬಹುಮಾನ ಅಲ್ಲ. ಮುಂದಿನ ಕೆಲಸವನ್ನ ಈಗಲೇ ಕೊಂಡುಕೊಳ್ಳೋದು. ಈ ಮಾತನ್ನ ಒಪ್ಪಿಕೊಳ್ಳೋದು ಸುಲಭ ಅಂತ ನಿಮಗೆ ಅನ್ನಿಸಿದ್ರೆ, 7ನೇ ಪೋಸ್ಟ್‌ವರೆಗೂ ಓದಿ. ಅಲ್ಲಿ ನನಗೂ ಕಷ್ಟ ಆಗುತ್ತೆ.

2/9 – ಆಟಗಾರನೂ ಒಂದು ಸ್ವತ್ತು

ಬಿಕಾಂ ಗೆಳೆಯರೇ, ಇದು ನಮ್ಮ ಏರಿಯಾ. ಮೊದಲ ವರ್ಷದಲ್ಲಿ ಯಂತ್ರದ ಸವಕಳಿ ಲೆಕ್ಕ ಮಾಡಿದ್ವಲ್ಲ, ಸ್ಟ್ರೇಟ್ ಲೈನ್ ಮೆಥಡ್? ಕೊಂಡ ಬೆಲೆಯನ್ನ ಅದರ ಆಯಸ್ಸಿನಿಂದ ಭಾಗಿಸೋದು. ಫುಟ್‌ಬಾಲ್ ಕ್ಲಬ್ಬುಗಳು ಆಟಗಾರರ ವಿಷಯದಲ್ಲೂ ಅದನ್ನೇ ಮಾಡ್ತವೆ. ಬೇರೆ ಕ್ಲಬ್ಬಿಗೆ ಕೊಟ್ಟ ಟ್ರಾನ್ಸ್‌ಫರ್ ಹಣವನ್ನ ಒಂದೇ ವರ್ಷದ ಖರ್ಚು ಅಂತ ಬರೆಯಲ್ಲ. ಕಾಂಟ್ರಾಕ್ಟ್ ಎಷ್ಟು ವರ್ಷವೋ ಅಷ್ಟು ವರ್ಷಕ್ಕೆ ಹಂಚ್ತಾರೆ.

2023ರ ಜನವರಿಯಲ್ಲಿ ಚೆಲ್ಸಿ ಅರ್ಜೆಂಟೀನಾದ ಎನ್ಜೊ ಫರ್ನಾಂಡಿಸ್‌ನ ಕೊಂಡಿತು. ಬೆಲೆ 10.68 ಕೋಟಿ ಪೌಂಡ್. ಕಾಂಟ್ರಾಕ್ಟ್ ಎಂಟೂವರೆ ವರ್ಷ, ಅಂದ್ರೆ 2031ರವರೆಗೆ. ಭಾಗಿಸಿ ನೋಡಿ: ವರ್ಷಕ್ಕೆ ಸುಮಾರು 1.26 ಕೋಟಿ ಪೌಂಡ್ ಅಷ್ಟೇ. ಅದನ್ನೇ ಐದು ವರ್ಷಕ್ಕೆ ಹಂಚಿದ್ರೆ 2.14 ಕೋಟಿ ಆಗ್ತಿತ್ತು. ಅದೇ ಆಟಗಾರ, ಅದೇ ದುಡ್ಡು, ಆದ್ರೆ ಈ ವರ್ಷದ ಪುಸ್ತಕದಲ್ಲಿ ಖರ್ಚು ಅರ್ಧದ ಹತ್ತಿರ. ಬುದ್ಧಿವಂತಿಕೆ ಅಲ್ವಾ? ಎಲ್ಲರಿಗೂ ಹಾಗೇ ಅನ್ನಿಸ್ತು. ಅದಕ್ಕೇ ಯೂಫಾ ಅದೇ ವರ್ಷ ನಿಯಮ ತಂತು: ಕಾಂಟ್ರಾಕ್ಟ್ ಎಷ್ಟೇ ಉದ್ದ ಇರಲಿ, ಹಂಚೋದು ಐದು ವರ್ಷಕ್ಕೆ ಮಾತ್ರ. ಡಿಸೆಂಬರ್‌ನಲ್ಲಿ ಪ್ರೀಮಿಯರ್ ಲೀಗ್ ಕ್ಲಬ್ಬುಗಳೂ ಮತ ಹಾಕಿ ಅದನ್ನೇ ಒಪ್ಪಿಕೊಂಡವು.

ಇದಕ್ಕಿಂತ ವಿಚಿತ್ರವಾದ ವಿಷಯ ಇನ್ನೊಂದಿದೆ. ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹುಡುಗನ ಪುಸ್ತಕದ ಬೆಲೆ ಸೊನ್ನೆ! ಯಾಕಂದ್ರೆ ಅವನನ್ನ ಯಾರಿಂದಲೂ ಕೊಂಡಿಲ್ಲ. ಮೇಸನ್ ಮೌಂಟ್ ಆರು ವರ್ಷದವನಿದ್ದಾಗ ಚೆಲ್ಸಿಗೆ ಬಂದವನು. 2021ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಚೆಲ್ಸಿ ಹೊಡೆದ ಏಕೈಕ ಗೋಲಿಗೆ ಪಾಸ್ ಕೊಟ್ಟಿದ್ದು ಅವನೇ. 2023ರಲ್ಲಿ ಅವನನ್ನ ಸುಮಾರು 5.5 ಕೋಟಿ ಪೌಂಡ್‌ಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮಾರಿದಾಗ, ಬಂದ ದುಡ್ಡೆಲ್ಲ ಲಾಭದ ಕಾಲಂಗೆ ಹೋಯ್ತು. ಮನೆಮಗನನ್ನ ಮಾರಿದ್ರೆ ಪುಸ್ತಕ ಚೆನ್ನಾಗಿ ಕಾಣುತ್ತೆ. ಈ 'ಸೊನ್ನೆ'ಯನ್ನ ನೆನಪಲ್ಲಿ ಇಟ್ಕೊಳ್ಳಿ.

3/9 – ಪಾತ್ರೆ ಎಷ್ಟು ದೊಡ್ಡದು?

"ಆಟಗಾರ ಅರ್ಹನೋ ಅಲ್ಲವೋ" ಅನ್ನೋದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, "ನಮ್ಮ ಪಾತ್ರೆಯಲ್ಲಿ ಜಾಗ ಇದ್ಯಾ?"

ಯುರೋಪಿನ ಟೂರ್ನಿಗಳಲ್ಲಿ ಆಡೋ ಕ್ಲಬ್ಬುಗಳಿಗೆ ಯೂಫಾ ಒಂದು ಗೆರೆ ಎಳೆದಿದೆ. ಆಟಗಾರರ ಮತ್ತು ಕೋಚ್‌ಗಳ ಸಂಬಳ, ಮೇಲೆ ಹೇಳಿದ ವರ್ಷದ ಹಂಚಿಕೆ, ಏಜೆಂಟರ ಕಮಿಷನ್, ಎಲ್ಲ ಸೇರಿ ಆದಾಯದ ಇಂತಿಷ್ಟು ಶೇಕಡಾ ಮೀರಬಾರದು. 2023–24ರಲ್ಲಿ ಶೇ. 90, ಮರುವರ್ಷ ಶೇ. 80, 2025–26ರಿಂದ ಶೇ. 70. ಇಂಗ್ಲೆಂಡಿನಲ್ಲಿ ಬೇರೆ ಲೆಕ್ಕ ಇತ್ತು: ಮೂರು ವರ್ಷ ಸೇರಿ ಗರಿಷ್ಠ 10.5 ಕೋಟಿ ಪೌಂಡ್ ನಷ್ಟ. ಅದನ್ನ ಮೀರಿದ ಎವರ್ಟನ್‌ಗೆ 2023ರ ನವೆಂಬರ್‌ನಲ್ಲಿ 10 ಪಾಯಿಂಟ್ ಕಡಿತ ಆಯ್ತು. ಅಪೀಲಿನಲ್ಲಿ ಅದು 6ಕ್ಕೆ ಇಳೀತು. ಅಂದ್ರೆ ಬ್ಯಾಲೆನ್ಸ್ ಶೀಟಿನ ತಪ್ಪಿಗೆ ಮೈದಾನದಲ್ಲಿ ಶಿಕ್ಷೆ.

ಸ್ಪೇನಿನಲ್ಲಿ ಇನ್ನೂ ಬಿಗಿ. ಅಲ್ಲಿ ಲಾ ಲೀಗಾ ಪ್ರತಿ ಕ್ಲಬ್ಬಿಗೂ ಖರ್ಚಿನ ಮಿತಿ ಕೊಡುತ್ತೆ. ಮಿತಿ ಮೀರಿದ್ರೆ ಆಟಗಾರನ ಹೆಸರನ್ನೇ ನೋಂದಾಯಿಸಿಕೊಳ್ಳಲ್ಲ. 2021ರ ಜೂನ್ 30ಕ್ಕೆ ಲಿಯೊನೆಲ್ ಮೆಸ್ಸಿಯ ಕಾಂಟ್ರಾಕ್ಟ್ ಮುಗೀತು. ಬಾರ್ಸಿಲೋನಾಗೆ ಅವನು ಬೇಕು. ಅವನಿಗೂ ಬಾರ್ಸಿಲೋನಾ ಬೇಕು. ಸಂಬಳದಲ್ಲಿ ಅರ್ಧ ಬಿಟ್ಟುಕೊಡೋಕೂ ಒಪ್ಪಿದ್ದೆ ಅಂತ ಬೀಳ್ಕೊಡುಗೆಯ ದಿನ ಅವನೇ ಹೇಳಿದ. ಆದ್ರೂ ಆಗಸ್ಟ್ 5ರಂದು ಕ್ಲಬ್ಬು "ಸಾಧ್ಯ ಇಲ್ಲ" ಅಂತ ಪ್ರಕಟಿಸಿತು. ಆಗ ಕ್ಲಬ್ಬಿನ ಸಾಲ 135 ಕೋಟಿ ಯೂರೋ. ಸಂಬಳದ ಬಿಲ್ಲು ಆದಾಯವನ್ನೇ ಮೀರಿತ್ತು. ಐದು ದಿನಕ್ಕೆ ಅವನು ಪ್ಯಾರಿಸ್‌ನಲ್ಲಿದ್ದ.

ಜಗತ್ತಿನಲ್ಲಿ ದೊಡ್ಡ ಕಾಂಟ್ರಾಕ್ಟ್‌ಗೆ ಮೆಸ್ಸಿಗಿಂತ ಅರ್ಹ ಯಾರಿದ್ದ ಹೇಳಿ? ಆದ್ರೂ ಆಗಲಿಲ್ಲ. ಅದಕ್ಕೆ ಕಾರಣ ಆ ದಿನದ ಲೆಕ್ಕ ಅಲ್ಲ. ಅದಕ್ಕೂ ಮುಂಚಿನ ವರ್ಷಗಳಲ್ಲಿ ಬೇರೆಯವರಿಗೆಲ್ಲ ಕೊಟ್ಟ ಕಾಂಟ್ರಾಕ್ಟ್‌ಗಳು ಪಾತ್ರೆಯನ್ನ ತುಂಬಿಸಿಬಿಟ್ಟಿದ್ದವು. ಒಬ್ಬನಿಗೆ ಹೆಚ್ಚು ಬರೆದುಕೊಟ್ಟ ಚೆಕ್ಕು ಇನ್ಯಾರದೋ ಬಾಗಿಲು ಮುಚ್ಚುತ್ತೆ.

4/9 – 29 ಅನ್ನೋ ವಯಸ್ಸು

2018ರ ಚಳಿಗಾಲ. ಆರ್ಸೆನಲ್‌ನ ಇಬ್ಬರು ಸ್ಟಾರ್‌ಗಳ ಕಾಂಟ್ರಾಕ್ಟ್ ಜೂನ್‌ಗೆ ಮುಗಿಯೋದಿತ್ತು: ಅಲೆಕ್ಸಿಸ್ ಸಾಂಚೆಜ್ ಮತ್ತು ಮೆಸುಟ್ ಓಜಿಲ್. ಇಬ್ಬರಿಗೂ 29. ಇಬ್ಬರೂ ಹೋದ್ರೆ ಕ್ಲಬ್ಬಿಗೆ ಮರ್ಯಾದೆ ಪ್ರಶ್ನೆ. ಸಾಂಚೆಜ್ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ, ಬದಲಿಗೆ ಮಿಖಿತಾರಿಯನ್ ಬಂದ. ಕೆಲವೇ ದಿನಕ್ಕೆ ಓಜಿಲ್ 2021ರವರೆಗೆ ಸಹಿ ಹಾಕಿದ. ವರದಿಗಳ ಪ್ರಕಾರ ವಾರಕ್ಕೆ 3.5 ಲಕ್ಷ ಪೌಂಡ್. ವರ್ಷಕ್ಕೆ ಲೆಕ್ಕ ಹಾಕಿದ್ರೆ 1.82 ಕೋಟಿ ಪೌಂಡ್.

ಏನಾಯ್ತು? ಸಾಂಚೆಜ್ ಯುನೈಟೆಡ್ ಪರ 45 ಪಂದ್ಯ ಆಡಿ ಹೊಡೆದಿದ್ದು 5 ಗೋಲು. ಓಜಿಲ್ 2020ರ ಮಾರ್ಚ್ ಆದಮೇಲೆ ಆರ್ಸೆನಲ್‌ಗೆ ಒಂದು ಪಂದ್ಯವನ್ನೂ ಆಡಲಿಲ್ಲ. ಸಂಬಳ ಮಾತ್ರ ಬರ್ತಾನೇ ಇತ್ತು. 2021ರ ಜನವರಿಯಲ್ಲಿ ಟರ್ಕಿಯ ಫೆನೆರ್‌ಬಾಚೆಗೆ ಹೊರಟ.

ಇಬ್ಬರೂ ಕೆಟ್ಟ ಆಟಗಾರರು ಅಂತ ದಯವಿಟ್ಟು ಹೇಳ್ಬೇಡಿ. ಇಬ್ಬರ ಆಟಕ್ಕೂ ನಾನು ಫ್ಯಾನ್. ವಿಷಯ ಬೇರೆ. ಮುಂದಿನ ಸಾಲಿನ ಆಟಗಾರರು ಸಾಮಾನ್ಯವಾಗಿ 25–28ರ ಆಸುಪಾಸಿನಲ್ಲಿ ತುದಿ ಮುಟ್ತಾರೆ. ಗೋಲ್‌ಕೀಪರ್‌ಗಳೂ ಸೆಂಟರ್ ಡಿಫೆಂಡರ್‌ಗಳೂ ಇನ್ನೂ ಕೆಲವು ವರ್ಷ ಬಾಳ್ತಾರೆ. ಮೊದಲು ಹೋಗೋದು ಆ ಮೊದಲ ಐದು ಹೆಜ್ಜೆಯ ಸಿಡಿತ. ದೃಷ್ಟಿ, ಪಾಸು, ಜಾಗ ಹಿಡಿಯೋ ಬುದ್ಧಿ ಕೊನೆಗೆ ಹೋಗುತ್ತೆ. ಆಟಗಾರನ ಬೆಲೆ ಜನರ ಕಣ್ಣಲ್ಲಿ ತುದಿಯಲ್ಲಿರೋದು 29ಕ್ಕೆ, ಯಾಕಂದ್ರೆ ಹಿಂದಿನ ಮೂರು ವರ್ಷ ಅದ್ಭುತವಾಗಿ ಆಡಿರ್ತಾನೆ. ಆದ್ರೆ ಕ್ಲಬ್ಬು ದುಡ್ಡು ಕೊಡ್ತಿರೋದು 30, 31, 32ಕ್ಕೆ.

ಇನ್ನೊಂದು ತೊಂದರೆ ಇದೆ. ಒಬ್ಬನ ಸಂಬಳ ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರ ಅಳತೆಕೋಲು ಆಗುತ್ತೆ. "ಅವನಿಗೆ ಅಷ್ಟು ಅಂದ್ರೆ ನನಗೆ?" ನಮ್ಮ ಮನೆಗಳಲ್ಲಿ ದೊಡ್ಡ ಮಗಳ ಮದುವೆ ಜೋರಾಗಿ ಮಾಡಿದ್ರೆ ಚಿಕ್ಕವಳ ಮದುವೆಯ ಬಜೆಟ್ ಆಗಲೇ ನಿರ್ಧಾರ ಆಗಿರುತ್ತಲ್ಲ, ಹಾಗೆ.

5/9 – ಕ್ಯಾಲೆಂಡರ್ ಯಾರ ಕೈಯಲ್ಲಿದೆ?

ಜೀನ್ ಮಾರ್ಕ್ ಬೋಸ್ಮನ್ ಅನ್ನೋ ಹೆಸರು ಕೇಳಿದ್ದೀರಾ? ಬೆಲ್ಜಿಯಂನ ಸಾಧಾರಣ ಆಟಗಾರ. ಲಿಯೆಜ್ ಕ್ಲಬ್ಬಿನ ಜೊತೆ ಕಾಂಟ್ರಾಕ್ಟ್ ಮುಗಿದಿದ್ರೂ ಅವನನ್ನ ಫ್ರಾನ್ಸಿನ ಡಂಕರ್ಕ್‌ಗೆ ಹೋಗೋಕೆ ಬಿಡಲಿಲ್ಲ. ಆಗಿನ ಪದ್ಧತಿ ಹಾಗಿತ್ತು: ಒಪ್ಪಂದ ಮುಗಿದ್ರೂ ಹೊಸ ಕ್ಲಬ್ಬು ದುಡ್ಡು ಕೊಡಬೇಕು. ಅವನು ಕೋರ್ಟಿಗೆ ಹೋದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಅವತ್ತಿಂದ ಕಾಂಟ್ರಾಕ್ಟ್ ಮುಗಿದವನು ಸ್ವತಂತ್ರ.

ಇವತ್ತು ನೀವು ನೋಡೋ ದೊಡ್ಡ ದೊಡ್ಡ ಸಂಬಳಗಳ ಹಿಂದೆ ಆ ತೀರ್ಪು ಇದೆ. ಹೇಗೆ ಅಂದ್ರೆ, ಕಾಂಟ್ರಾಕ್ಟ್‌ನಲ್ಲಿ ನಾಲ್ಕು ವರ್ಷ ಬಾಕಿ ಇದ್ರೆ ಬಲ ಕ್ಲಬ್ಬಿನ ಕೈಯಲ್ಲಿ. ಒಂದೇ ವರ್ಷ ಬಾಕಿ ಇದ್ರೆ ಬಲ ಆಟಗಾರನ ಕೈಯಲ್ಲಿ. ಕೊನೆಯ ಆರು ತಿಂಗಳಲ್ಲಂತೂ ಬೇರೆ ದೇಶದ ಕ್ಲಬ್ಬಿನ ಜೊತೆ ಮುಂಗಡ ಒಪ್ಪಂದವನ್ನೇ ಮಾಡ್ಕೋಬಹುದು. ಅದಕ್ಕೇ ಬುದ್ಧಿ ಇರೋ ಕ್ಲಬ್ಬುಗಳು ಎರಡು ವರ್ಷ ಬಾಕಿ ಇರುವಾಗಲೇ ಕೂತು ತೀರ್ಮಾನ ಮಾಡ್ತವೆ: ಒಂದೋ ಮುಂದುವರಿಸು, ಇಲ್ಲಾ ಮಾರು.

ಟಾಟನ್‌ಹ್ಯಾಮ್ 2023ರಲ್ಲಿ ಹ್ಯಾರಿ ಕೇನ್‌ನ ಕೊನೆಯ ವರ್ಷದಲ್ಲಿ ಬಯರ್ನ್‌ಗೆ ಮಾರಿತು. ಕನಿಷ್ಠ ದೊಡ್ಡ ಮೊತ್ತ ಆದ್ರೂ ಬಂತು. ಪಿಎಸ್‌ಜಿಗೆ ಆ ಭಾಗ್ಯವೂ ಇರಲಿಲ್ಲ. 2024ರಲ್ಲಿ ಕಿಲಿಯನ್ ಎಂಬಾಪೆ ಟ್ರಾನ್ಸ್‌ಫರ್ ಹಣ ಇಲ್ಲದೆಯೇ ರಿಯಲ್ ಮ್ಯಾಡ್ರಿಡ್‌ಗೆ ನಡೆದುಬಿಟ್ಟ. 2025ರಲ್ಲಿ ಲಿವರ್‌ಪೂಲ್‌ನದ್ದೇ ಹುಡುಗ ಟ್ರೆಂಟ್ ಅಲೆಕ್ಸಾಂಡರ್ ಅರ್ನಾಲ್ಡ್ ಕೂಡ ಕಾಂಟ್ರಾಕ್ಟ್ ಮುಗಿಯೋ ಹೊತ್ತಿಗೆ ಅದೇ ದಾರಿ ಹಿಡಿದ. ಇನ್ನೊಂದು ತುದಿಯಲ್ಲಿ ಮ್ಯಾಂಚೆಸ್ಟರ್ ಸಿಟಿ: 2025ರ ಜನವರಿಯಲ್ಲಿ 24 ವರ್ಷದ ಎರ್ಲಿಂಗ್ ಹಾಲಂಡ್‌ಗೆ 2034ರವರೆಗೆ ಒಪ್ಪಂದ. ಆ ಉದ್ದ ಕಾಂಟ್ರಾಕ್ಟ್‌ನಲ್ಲಿ ಸಿಟಿ ಕೊಂಡಿದ್ದು ಗೋಲುಗಳನ್ನ ಮಾತ್ರ ಅಲ್ಲ, ಕ್ಯಾಲೆಂಡರನ್ನೂ.

6/9 – ಏಜೆಂಟ್ ಇಲ್ಲದೆ ಬಂದ ಡಿ ಬ್ರೂಯ್ನ

ನನಗೆ ತುಂಬಾ ಇಷ್ಟವಾದ ಕತೆ ಇದು. 2021. ಕೆವಿನ್ ಡಿ ಬ್ರೂಯ್ನಗೆ 29, ಮತ್ತೆ ಅದೇ ಅಪಾಯದ ವಯಸ್ಸು. ಮ್ಯಾಂಚೆಸ್ಟರ್ ಸಿಟಿ ಜೊತೆ ಮಾತುಕತೆಗೆ ಅವನು ಏಜೆಂಟನನ್ನ ಕರ್ಕೊಂಡು ಹೋಗಲಿಲ್ಲ. ಅಪ್ಪ, ವಕೀಲರು, ಜೊತೆಗೆ ದತ್ತಾಂಶ ವಿಶ್ಲೇಷಕರು ತಯಾರಿಸಿದ ಒಂದು ವರದಿ. ತಂಡಕ್ಕೆ ತನ್ನಿಂದ ಎಷ್ಟು ಲಾಭ, ತಾನಿಲ್ಲದೆ ತಂಡ ಹೇಗಿರುತ್ತೆ, ತನ್ನಂಥ ಆಟಗಾರರ ಮುಂದೆ ತಾನೆಲ್ಲಿ, ಎಲ್ಲವೂ ಅಂಕಿಯಲ್ಲಿ. ಏಪ್ರಿಲ್‌ನಲ್ಲಿ 2025ರವರೆಗಿನ ಒಪ್ಪಂದಕ್ಕೆ ಸಹಿ ಬಿತ್ತು.

ಆ ವರದಿಗಳಲ್ಲಿ ಏನಿರುತ್ತೆ? ಬರೀ ಗೋಲು, ಅಸಿಸ್ಟ್ ಅಲ್ಲ. ಗೋಲು ಅದೃಷ್ಟದಿಂದಲೂ ಬರುತ್ತೆ. ಒಂದು ಶಾಟ್ ಎಲ್ಲಿಂದ, ಯಾವ ಕೋನದಿಂದ ಹೊಡೆದದ್ದು, ಅಂಥ ಶಾಟ್‌ಗಳು ಸಾಮಾನ್ಯವಾಗಿ ಎಷ್ಟು ಸಲ ಗೋಲಾಗ್ತವೆ ಅಂತ ನೋಡೋದು 'ಎಕ್ಸ್‌ಪೆಕ್ಟೆಡ್ ಗೋಲ್'. ಅದಕ್ಕೂ ಮುಂದೆ ಹೋದ್ರೆ, ಆಟಗಾರ ಚೆಂಡು ಮುಟ್ಟಿದ ಪ್ರತಿ ಸಲ ತಂಡ ಗೋಲು ಹೊಡೆಯೋ ಸಾಧ್ಯತೆ ಎಷ್ಟು ಏರಿತು, ಎಷ್ಟು ಇಳೀತು ಅನ್ನೋ ಲೆಕ್ಕ. ಜೊತೆಗೆ ಎಲ್ಲಕ್ಕಿಂತ ಸರಳವಾದ ಅಂಕಿ: ವರ್ಷದಲ್ಲಿ ಎಷ್ಟು ನಿಮಿಷ ಆಡೋಕೆ ಫಿಟ್ ಆಗಿದ್ದ? ಹಾಸಿಗೆಯಲ್ಲಿರೋ ಸ್ಟಾರ್ ಗೋಲು ಹೊಡೆಯಲ್ಲ.

ಲಿವರ್‌ಪೂಲ್‌ನಲ್ಲಿ ಈ ಕೆಲಸ ಮಾಡ್ತಿದ್ದವರು ಇಯಾನ್ ಗ್ರಹಾಂ, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಸಲಾಹ್ 2017ರಲ್ಲಿ ರೋಮಾದಿಂದ ಬಂದಾಗ "ಚೆಲ್ಸಿಯಲ್ಲಿ ಫೇಲ್ ಆದವನು" ಅಂತ ಜನ ಆಡ್ಕೊಂಡಿದ್ರು. ಅಂಕಿಗಳು ಬೇರೆ ಹೇಳ್ತಿದ್ವು. ಆಗ ಅವನಿಗೆ 25. ಅಂದ್ರೆ ಅವನ ಅತ್ಯುತ್ತಮ ವರ್ಷಗಳನ್ನ ಲಿವರ್‌ಪೂಲ್ ಮುಂಚಿತವಾಗಿ ಕೊಂಡುಕೊಂಡಿತ್ತು.

ಇಲ್ಲಿ ಗಮನಿಸಿ: ಅಂಕಿ ಕ್ಲಬ್ಬಿನ ಆಯುಧ ಮಾತ್ರ ಅಲ್ಲ. ಡಿ ಬ್ರೂಯ್ನ ಅದನ್ನ ತನ್ನ ಕಡೆಗೆ ತಿರುಗಿಸಿಕೊಂಡ. ತನ್ನ ಕೆಲಸದ ಲೆಕ್ಕ ತನ್ನ ಕೈಯಲ್ಲಿ ಇಟ್ಟುಕೊಂಡವನು ಟೇಬಲ್ ಮುಂದೆ ಬೇರೆ ಥರ ಕೂರ್ತಾನೆ.

7/9 – ಅಪ್ಪನ ಕಾಂಟ್ರಾಕ್ಟ್

ಇದನ್ನ ಬರೀಬೇಕೋ ಬೇಡವೋ ಅಂತ ತುಂಬಾ ಯೋಚನೆ ಮಾಡಿದೆ. ಅಪ್ಪನ್ನ ಕೇಳಿದೆ. "ಬರ್ಕೋ, ಹೆಸರು ಹಾಕ್ಬೇಡ" ಅಂದ್ರು.

ನಮ್ಮಪ್ಪ ಲೇತ್ ಆಪರೇಟರ್. ಒಂದೇ ಕಾರ್ಖಾನೆಯಲ್ಲಿ 19 ವರ್ಷ. ಪರ್ಮನೆಂಟ್ ಅಲ್ಲ. ಪ್ರತಿ ಏಪ್ರಿಲ್‌ಗೆ ಹೊಸ ಕಾಗದಕ್ಕೆ ಸಹಿ. ಈ ವರ್ಷ ಆ ಕಾಗದ ಬರಲಿಲ್ಲ. ವಯಸ್ಸು 52, ಹೊಸ ಯಂತ್ರಗಳು ಬಂದಿವೆ, ಅಂತ ಮಾರ್ಚ್ ಕೊನೆಯ ವಾರ ಹೇಳಿದ್ರಂತೆ.

ನಾನು ಬಿಕಾಂ ಹುಡುಗ. ಆ ರಾತ್ರಿ ಸಿಟ್ಟಲ್ಲೇ ಲೆಕ್ಕ ಹಾಕಿದೆ. ಅಪ್ಪನ ಸಂಬಳದಲ್ಲಿ ಇಬ್ಬರು ಟ್ರೈನಿ ಹುಡುಗರನ್ನ ಇಟ್ಕೋಬಹುದು. ಅವರಿಗೆ ಮುಂದೆ ಇಪ್ಪತ್ತು, ಮೂವತ್ತು ವರ್ಷ ಇದೆ. ಮೊದಲ ಪೋಸ್ಟ್‌ನಲ್ಲಿ ಬರೆದ ಅದೇ ವಾಕ್ಯ: ಹಿಂದೆ ಮಾಡಿದ್ದಕ್ಕಲ್ಲ, ಮುಂದೆ ಮಾಡೋದಕ್ಕೆ ದುಡ್ಡು. ಓಜಿಲ್ ವಿಷಯದಲ್ಲಿ ಈ ವಾಕ್ಯ ಎಷ್ಟು ಸರಿಯಾಗಿ ಕೂರುತ್ತೆ! ನಮ್ಮ ಅಡುಗೆಮನೆಯಲ್ಲಿ ಅದನ್ನ ಗಟ್ಟಿಯಾಗಿ ಹೇಳೋಕೆ ನನ್ನಿಂದ ಆಗಲಿಲ್ಲ.

ಆಮೇಲೆ ಯೋಚಿಸಿದಾಗ ಎರಡು ವ್ಯತ್ಯಾಸ ಕಂಡವು. ಒಂದು, ಸಲಾಹ್‌ಗೆ ಬೇರೆ ಕ್ಲಬ್ಬುಗಳು ಕಾಯ್ತಿದ್ವು. ಅಪ್ಪನಿಗೆ ಬಾಗಿಲ ಹೊರಗೆ ಯಾವ ಮ್ಯಾಡ್ರಿಡ್ಡೂ ನಿಂತಿರಲಿಲ್ಲ. ಕಾಂಟ್ರಾಕ್ಟ್‌ನ ಗಾತ್ರ ಬರೀ ಕೌಶಲದಿಂದ ಬರಲ್ಲ, "ಬೇಡ ಅಂದ್ರೆ ಬೇರೆ ಕಡೆ ಹೋಗ್ತೀನಿ" ಅನ್ನೋ ಶಕ್ತಿಯಿಂದ ಬರುತ್ತೆ. ಬೋಸ್ಮನ್ ಗೆದ್ದುಕೊಟ್ಟದ್ದು ಅದನ್ನೇ.

ಎರಡು, ಹಾಳೆಯಲ್ಲಿ ಇಲ್ಲದ ಕಾಲಂಗಳು. ಯಂತ್ರದ ಶಬ್ದ ಕೇಳಿಯೇ ಬೇರಿಂಗ್ ಹೋಗ್ತಿದೆ ಅಂತ ಅಪ್ಪ ಹೇಳ್ತಿದ್ರು. ಆ ಟ್ರೈನಿ ಹುಡುಗರಿಗೆ ಕೆಲಸ ಕಲಿಸಿದ್ದೂ ಅವರೇ. ಅದಕ್ಕೆ ಯಾವ ಅಂಕಿಯೂ ಇಲ್ಲ. ಎರಡನೇ ಪೋಸ್ಟ್‌ನ ಮೇಸನ್ ಮೌಂಟ್ ಥರ, ಒಳಗೇ ಬೆಳೆದ ಕೌಶಲದ ಪುಸ್ತಕದ ಬೆಲೆ ಸೊನ್ನೆ. ವ್ಯತ್ಯಾಸ ಇಷ್ಟೇ, ಮೌಂಟ್‌ಗೆ ಮಾರುಕಟ್ಟೆಯಲ್ಲಿ ಬೆಲೆ ಇತ್ತು.

ಅಪ್ಪ ಈಗ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಕೆಲಸ ಮಾಡ್ತಾರೆ. ಸಂಬಳ ಕಡಿಮೆ. "ಲೆಕ್ಕ ಹಾಕಿ ಬಿಟ್ರು, ಬಿಡು. ಮೂರು ತಿಂಗಳು ಮುಂಚೆ ಹೇಳಿದ್ರೆ ಚೆನ್ನಾಗಿತ್ತು" ಅಂತಾರೆ. ಬೇರೇನೂ ಹೇಳಲ್ಲ.

8/9 – ಹಾಳೆಯ ಹೊರಗಿನ ಕಾಲಂ

ಹಾಗಾದ್ರೆ ಫುಟ್‌ಬಾಲ್‌ನಲ್ಲಿ ಈ ಕಾಣದ ಕೆಲಸಕ್ಕೆ ಬೆಲೆ ಕಟ್ಟಿದವರು ಇಲ್ವಾ? ಇದ್ದಾರೆ. 2022ರಲ್ಲಿ ಜೇಮ್ಸ್ ಮಿಲ್ನರ್‌ಗೆ 36 ವರ್ಷ. ಲಿವರ್‌ಪೂಲ್ ಒಂದು ವರ್ಷ ಮುಂದುವರಿಸಿತು. ಸಂಬಳ ಕಡಿಮೆ ಮಾಡಿಕೊಂಡು ಅವನೂ ಒಪ್ಪಿದ ಅಂತ ವರದಿಯಾಯ್ತು. ಅಭ್ಯಾಸದ ಮೈದಾನದಲ್ಲಿ ಅವನಿದ್ರೆ ಚಿಕ್ಕವರು ಸಡಿಲ ಬಿಡಲ್ಲ ಅನ್ನೋದು ಕೋಚ್‌ಗೆ ಗೊತ್ತಿತ್ತು. ರಿಯಲ್ ಮ್ಯಾಡ್ರಿಡ್ ಲೂಕಾ ಮೋಡ್ರಿಚ್‌ಗೆ ಕೊನೆಯ ವರ್ಷಗಳಲ್ಲಿ ಒಂದೊಂದೇ ವರ್ಷದ ಒಪ್ಪಂದ ಕೊಟ್ಟು 39ರವರೆಗೂ ಉಳಿಸಿಕೊಂಡಿತು. ಭಾವನೆಗೂ ಜಾಗ, ಲೆಕ್ಕಕ್ಕೂ ಜಾಗ.

ಅದೇ ಮ್ಯಾಡ್ರಿಡ್‌ನ ಇನ್ನೊಂದು ಮುಖ ಸೆರ್ಜಿಯೊ ರಾಮೋಸ್. 16 ವರ್ಷ ಆಡಿದ ನಾಯಕ. 2014ರ ಫೈನಲ್‌ನ 93ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದು ತಂಡವನ್ನ ಬದುಕಿಸಿದವನು. 2021ರಲ್ಲಿ ಕ್ಲಬ್ಬು ಒಂದು ವರ್ಷ ಕೊಟ್ಟಿತು, ಅವನು ಎರಡು ಕೇಳಿದ. ಕೊನೆಗೆ ಒಂದಕ್ಕೇ ಒಪ್ಪಿದಾಗ, ಆಫರ್‌ನ ಅವಧಿ ಮುಗಿದಿದೆ ಅಂದ್ರಂತೆ. ಬೀಳ್ಕೊಡುಗೆಯ ದಿನ ಅವನೇ ಇದನ್ನ ಹೇಳಿದ. ಲೆಕ್ಕದ ಪ್ರಕಾರ ಕ್ಲಬ್ಬು ಸರಿಯೇ ಇದ್ದಿರಬಹುದು, ಆಮೇಲಿನ ವರ್ಷ ಅವನಿಗೆ ಗಾಯ ಕಾಡಿತು. ಆದ್ರೂ ಆ ವಿದಾಯ ನೆನೆಸಿಕೊಂಡ್ರೆ ಗಂಟಲು ಕಟ್ಟುತ್ತೆ.

ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ವಯಸ್ಸಿನ ಲೆಕ್ಕವನ್ನೇ ಉಲ್ಟಾ ಮಾಡಿದವರು. 2024–25ರ ಐಎಸ್‌ಎಲ್‌ನಲ್ಲಿ 40ರ ವಯಸ್ಸಿನಲ್ಲಿ 14 ಗೋಲು. ಭಾರತೀಯರಲ್ಲಿ ಅವರಿಗಿಂತ ಹೆಚ್ಚು ಹೊಡೆದವರು ಆ ಸೀಸನ್‌ನಲ್ಲಿ ಯಾರೂ ಇಲ್ಲ. ವಯಸ್ಸಿನ ಗ್ರಾಫ್ ಸರಾಸರಿಯನ್ನ ಹೇಳುತ್ತೆ, ಮನುಷ್ಯನನ್ನ ಹೇಳಲ್ಲ.

ಆದ್ರೆ ಕೆಲವೇ ತಿಂಗಳಲ್ಲಿ ಲೀಗಿನ ಹಕ್ಕುಗಳ ಒಪ್ಪಂದ ಮುಂದುವರಿಯದೆ ಐಎಸ್‌ಎಲ್ ನಿಂತುಬಿಟ್ಟಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು, ಸಿಬ್ಬಂದಿ ಎಲ್ಲರ ಸಂಬಳ ತಡೆಹಿಡಿಯೋದಾಗಿ ಪ್ರಕಟಿಸಿತು. 14 ಗೋಲಿನವರಾಗಲಿ, ಬಟ್ಟೆ ಒಗೆಯೋ ಅಣ್ಣನಾಗಲಿ, ಆದಾಯ ಬರೋ ನಲ್ಲಿ ನಿಂತ್ರೆ ಎಲ್ಲರ ಬಿಂದಿಗೆಯೂ ಖಾಲಿ. ಕಾಂಟ್ರಾಕ್ಟ್ ಎಷ್ಟೇ ದೊಡ್ಡದಿದ್ರೂ ಅದು ನಿಂತಿರೋದು ಲೀಗಿನ ಆರೋಗ್ಯದ ಮೇಲೆ.

9/9 – ನಿಮಗೊಂದು ಹೋಂವರ್ಕ್

ಇಷ್ಟು ಓದಿದವರಿಗೆ ಥ್ಯಾಂಕ್ಸ್. ಈಗ ಎಲ್ಲವನ್ನೂ ಒಂದು ಕಡೆ ಕಟ್ಟೋಣ. ಮುಂದಿನ ಸಲ ಯಾರಾದ್ರೂ "ಕೇಳಿದಷ್ಟು ಕೊಡ್ಲಿ" ಅಂತಲೋ, "ಮುದುಕ ಆದ, ಕಳಿಸ್ಲಿ" ಅಂತಲೋ ಕಿತ್ತಾಡಿದ್ರೆ, ಈ ಪ್ರಶ್ನೆಗಳನ್ನ ಮುಂದಿಡಿ.

ಒಂದು: ಕಾಂಟ್ರಾಕ್ಟ್ ಮುಗಿಯೋ ಹೊತ್ತಿಗೆ ಅವನ ವಯಸ್ಸೆಷ್ಟು, ಅವನ ಆಟ ನಿಂತಿರೋದು ಕಾಲಿನ ವೇಗದ ಮೇಲೋ ತಲೆಯ ವೇಗದ ಮೇಲೋ?

ಎರಡು: ಸಂಬಳ ಮತ್ತು ವರ್ಷದ ಹಂಚಿಕೆ ಸೇರಿ ಒಟ್ಟು ಎಷ್ಟು, ಪಾತ್ರೆಯಲ್ಲಿ ಜಾಗ ಇದ್ಯಾ?

ಮೂರು: ಅವನು ಹೋದ್ರೆ ಅದೇ ಕೆಲಸ ಮಾಡೋನನ್ನ ತರೋಕೆ ಎಷ್ಟಾಗುತ್ತೆ? ಸಲಾಹ್ ವಿಷಯದಲ್ಲಿ ಲಿವರ್‌ಪೂಲ್‌ಗೆ 'ಎರಡು ವರ್ಷ' ಸರಿ ಅನ್ನಿಸೋಕೆ ನನ್ನ ಪ್ರಕಾರ ಇದೇ ಕಾರಣ. 47 ಗೋಲುಗಳಲ್ಲಿ ಕೈ ಇದ್ದವನಿಗೆ ಬದಲಿ ಹುಡುಕೋ ಖರ್ಚು ಅವನ ಸಂಬಳಕ್ಕಿಂತ ದೊಡ್ಡದು. ಐದು ವರ್ಷ ಕೊಡೋದು ಮಾತ್ರ ಜೂಜು.

ನಾಲ್ಕು: ಕ್ಯಾಲೆಂಡರ್ ಯಾರ ಕೈಯಲ್ಲಿದೆ?

ಐದು: ಅವನು ಮಾಡ್ತಿರೋ, ಆದ್ರೆ ಯಾರೂ ಎಣಿಸದ ಕೆಲಸ ಯಾವುದು?

ಕೊನೆಯ ಪ್ರಶ್ನೆ ಬಿಟ್ಟು ಉಳಿದೆಲ್ಲಕ್ಕೂ ಎಕ್ಸೆಲ್ ಸಾಕು. ಕೊನೆಯದಕ್ಕೆ ಕುರ್ಚಿಯಿಂದ ಎದ್ದು ಹೋಗಿ ನೋಡಬೇಕು.

ಇದನ್ನ ನಾನು ಫುಟ್‌ಬಾಲ್ ಪ್ರೇಮಿಗಳಿಗೆ ಮಾತ್ರ ಬರೀತಿಲ್ಲ, ನಮ್ಮ ಕ್ಲಾಸಿನವರಿಗೂ ಬರೀತಿದ್ದೀನಿ. ಇನ್ನು ಕೆಲವೇ ತಿಂಗಳಲ್ಲಿ ನಮ್ಮಲ್ಲಿ ಎಷ್ಟೋ ಜನ ಪೇರೋಲ್, ಕಾಸ್ಟಿಂಗ್, ಎಚ್‌ಆರ್ ಡೆಸ್ಕ್‌ಗಳಲ್ಲಿ ಕೂರ್ತೀವಿ. "ಯಾರನ್ನ ಮುಂದುವರಿಸೋದು, ಯಾರನ್ನ ಬಿಡೋದು" ಅನ್ನೋ ಹಾಳೆ ತಯಾರಾಗೋದು ಅಲ್ಲೇ. ತೀರ್ಮಾನ ಮ್ಯಾನೇಜರ್ ಮಾಡ್ತಾರೆ, ಕಾಲಂ ಎಷ್ಟಿರಬೇಕು ಅಂತ ಗೆರೆ ಎಳೆಯೋದು ನಾವು. 'ಬೇರೆಯವರಿಗೆ ಕೆಲಸ ಕಲಿಸ್ತಾರಾ?' ಅಂತ ಒಂದು ಕಾಲಂ ಹೆಚ್ಚಿಗೆ ಹಾಕೋಕೆ ಖರ್ಚೇನೂ ಇಲ್ಲ. 'ಎಷ್ಟು ದಿನ ಮುಂಚೆ ತಿಳಿಸಲಾಗಿದೆ?' ಅಂತ ಇನ್ನೊಂದು. ಬಿಡಲೇಬೇಕಾದ ಪರಿಸ್ಥಿತಿ ಬರುತ್ತೆ, ಮೆಸ್ಸಿಯನ್ನೇ ಬಿಟ್ಟಿದ್ದಾರೆ. ಆದ್ರೆ ಮಾರ್ಚ್ ಕೊನೆಯ ವಾರ ಹೇಳೋದಕ್ಕೂ ಜನವರಿಯಲ್ಲಿ ಹೇಳೋದಕ್ಕೂ ಒಂದು ಮನೆಯ ಮೂರು ತಿಂಗಳ ವ್ಯತ್ಯಾಸ ಇದೆ.

ಸರಿ, ಹೋಂವರ್ಕ್: ನಿಮ್ಮ ತಂಡದಲ್ಲಿ ಕಾಂಟ್ರಾಕ್ಟ್ ಮುಗಿಯೋಕೆ ಎರಡು ವರ್ಷದೊಳಗೆ ಇರೋ ಒಬ್ಬ ಆಟಗಾರನನ್ನ ಆರಿಸಿ. ಐದು ಪ್ರಶ್ನೆಗೂ ಒಂದೊಂದು ಸಾಲು ಉತ್ತರ ಬರೆದು ಕಾಮೆಂಟ್ ಹಾಕಿ. ಚೆನ್ನಾಗಿರೋದನ್ನ ಭಾನುವಾರ ಸ್ಟೋರಿಗೆ ಹಾಕ್ತೀನಿ. ಆರ್ಸೆನಲ್ ಫ್ಯಾನ್ಸ್, ಓಜಿಲ್ ವಿಷಯಕ್ಕೆ ಬೈಯೋದಿದ್ರೆ ಡಿಎಂಗೆ ಬನ್ನಿ, ಅಲ್ಲಿ ಜಾಗ ಇದೆ.

#ಕಾಲ್ಚೆಂಡುಲೆಕ್ಕ #ಬಿಕಾಂಹುಡುಗ